ಒರೆಸದ ಗಾಜು

ಚಳಿಗಾಲದಲ್ಲಿ ಗಾಲಿಮನೆಯೊಳಗೆ ಬದುಕುವವರಿಗೆ ತಮ್ಮ ಉಸಿರೇ ದೊಡ್ಡ ತೊಂದರೆ. ರಾತ್ರಿಯಿಡೀ ಬಿಟ್ಟ ಉಸಿರು ಬೆಳಗಿನ ಹೊತ್ತಿಗೆ ಕಿಟಕಿಗಳ ಒಳಮೈಗೆ ಮಂಜಾಗಿ ಅಂಟಿರುತ್ತದೆ. ಹಾಗೇ ಬಿಟ್ಟರೆ ಅದು ಕರಗಿ, ಗೋಡೆಗಿಳಿದು, ಹಾಸಿಗೆಯ ಅಂಚು ನೆನೆದು ಬೂಸ್ಟು ಹಿಡಿಯುತ್ತದೆ. ನನಗೆ ಬೂಸ್ಟೆಂದರೆ ಭಯ. ಎದ್ದ ತಕ್ಷಣ ಗಾಜು ಕೆರೆದು ಒರೆಸಿ, ಬಾಗಿಲನ್ನು ಒಂದಿಷ್ಟೇ ತೆರೆದು, ಬಟ್ಟೆಯನ್ನು ಮೆಟ್ಟಿಲ ಪಕ್ಕಕ್ಕೆ ಹಿಂಡಿ, ಬೇಗ ಬಾಗಿಲೆಳೆದುಕೊಳ್ಳುತ್ತೇನೆ.

ಪೂರ್ವ ಮೊಂಟಾನಾದ ಈ ತಂಗುದಾಣ ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವವರಿಂದ ತುಂಬಿರುತ್ತದೆ. ಅಕ್ಟೋಬರ್ ಕಳೆಯುವಷ್ಟರಲ್ಲಿ ಅವರೆಲ್ಲ ಹೊರಟುಹೋದರು. ಉಳಿದದ್ದು ಎರಡೇ ಗಾಲಿಮನೆ: ಒಂದು ನನ್ನದು, ಎದುರು ಸಾಲಿನಲ್ಲಿರುವುದು ಆರ್ಲನ್ ಕ್ವಾಮ್ ಎಂಬ ವಯಸ್ಸಾದ ಮೆಕ್ಯಾನಿಕ್‌ನದು. ತಂಗುದಾಣದ ಒಡತಿ ತಾನೂ ಹೊರಡುವ ಮೊದಲು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಿ ಎಂದಿದ್ದಳು. ಚಳಿಗಾಲಕ್ಕೆ ಉಳಿಯುವವರ ನಡುವೆ ಇಲ್ಲಿ ಅದು ಕಟ್ಟಳೆ. ಆರ್ಲನ್ ತಲೆಯಾಡಿಸಿದ. ಆಮೇಲೆ ಅವನು ನನ್ನ ಬಾಗಿಲಿಗೆ ಬಂದದ್ದೇ ಇಲ್ಲ. ದಾರಿಯಲ್ಲಿ ಎದುರಾದರೆ ಟೋಪಿ ಮುಟ್ಟುತ್ತಾನೆ, ಅಷ್ಟೇ. ಅವನ ಕಿಟಕಿಗಳು ಸದಾ ಬೆಳ್ಳಗಿರುತ್ತವೆ. ಒಂದರಲ್ಲಿ ಮಾತ್ರ ಅಂಗೈಯಷ್ಟು ಜಾಗವನ್ನು ಕೆರೆದಿಟ್ಟುಕೊಂಡಿದ್ದಾನೆ. ರಸ್ತೆ ನೋಡಲಿಕ್ಕಿರಬೇಕು ಎಂದುಕೊಂಡಿದ್ದೆ.

ಗಂಡನೂ ನಾನೂ ಬೇರೆಯಾದಾಗ ಮನೆ ಮಾರಿದೆವು, ಗಾಲಿಮನೆ ನನ್ನ ಪಾಲಿಗೆ ಬಂತು. ಊರಿನ ಶಾಲೆಗೆ ನಾನು ಬದಲಿ ಶಿಕ್ಷಕಿ. ಯಾರಿಗಾದರೂ ಜ್ವರ ಬಂದರೆ ಬೆಳಿಗ್ಗೆ ಫೋನು ಬರುತ್ತದೆ. ನಾನು ಎತ್ತದಿದ್ದರೆ ಅವರು ಇನ್ನೊಬ್ಬರಿಗೆ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಜನವರಿಯಲ್ಲಿ ರೇಡಿಯೋದಲ್ಲಿ ಒಂದು ಸುದ್ದಿ ಬಂತು. ಪಕ್ಕದ ಜಿಲ್ಲೆಯಲ್ಲಿ ಗಾಲಿಮನೆಯೊಂದರಲ್ಲಿ ಒಬ್ಬಳು ಹೆಂಗಸು ಸತ್ತು ಎಷ್ಟೋ ದಿನವಾಗಿತ್ತಂತೆ, ಹಿಮ ತೆಗೆಯಲು ಬಂದವನಿಗೆ ಗೊತ್ತಾಯಿತಂತೆ. ಅವಳ ಹೆಸರನ್ನೂ ಹೇಳಲಿಲ್ಲ. ಮರುದಿನ ಅರಿಜೋನಾದಿಂದ ಅಕ್ಕ ಆರ್ಡಿಸ್ ಫೋನು ಮಾಡಿ, ಭಾನುವಾರ ಬಿರುಗಾಳಿಯಂತೆ, ಶನಿವಾರವೇ ಹೊರಟು ಬಂದುಬಿಡು, ನನ್ನ ಮನೆಯ ಹಿಂದೆ ನಿಲ್ಲಿಸಿಕೊ ಎಂದಳು. ಅವಳ ಮನೆಯಲ್ಲಿ ಅವಳ ನಿಯಮ, ಅವಳ ದೇವರು, ಅವಳ ಟೀವಿ. ಯೋಚಿಸುತ್ತೇನೆ ಎಂದೆ.

ಯೋಚಿಸಿ ಒಂದು ಪರೀಕ್ಷೆಯಿಟ್ಟೆ. ಶನಿವಾರ ಬೆಳಿಗ್ಗೆ ಗಾಜು ಒರೆಸಲಿಲ್ಲ, ಬಟ್ಟೆ ಹಿಂಡಲಿಲ್ಲ, ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನದೊಳಗೆ ಆರ್ಲನ್ ಬಂದು ತಟ್ಟಿದರೆ ಉಳಿಯುವುದು, ಇಲ್ಲವಾದರೆ ಹೊರಡುವುದು.

ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಹೀಟರ್ ಉಸ್ಸೆಂದು ಹೊತ್ತಿಕೊಳ್ಳುವುದು, ಆರುವುದು, ಮತ್ತೆ ಹೊತ್ತಿಕೊಳ್ಳುವುದು. ನಾನು ಕೋಟು ಹೊದ್ದು, ಬೇಡದಿದ್ದರೂ ಚಹಾ ಕಾಯಿಸಿ ಕುಡಿಯುತ್ತಾ ಕುಳಿತೆ. ಅವನ ಬಾಗಿಲ ಸದ್ದಾಯಿತು. ಬೂಟುಗಳು ಹಿಮದ ಮೇಲೆ ಕರಕರ ಎನ್ನುತ್ತಾ ಬಂದವು, ನನ್ನ ಕಿಟಕಿಯ ಹತ್ತಿರ ನಿಧಾನವಾದವು. ನಾನು ಕಪ್ಪನ್ನು ಮೇಜಿನ ಮೇಲಿಡಲೂ ಇಲ್ಲ. ಬೂಟುಗಳು ಮುಂದೆ ಹೋದವು. ಅವನ ಟ್ರಕ್ಕು ಊರಿಗೆ ಹೋಗಿ ಬಂತು. ಮತ್ತೊಮ್ಮೆ ಅದೇ ಹೆಜ್ಜೆ, ಅದೇ ನಿಧಾನ. ಆಮೇಲೆ ಅವನ ಬಾಗಿಲು ಮುಚ್ಚಿಕೊಂಡಿತು. ಮಧ್ಯಾಹ್ನವಾಯಿತು. ಬಟ್ಟಲುಗಳನ್ನು ಒಂದೊಂದಾಗಿ ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟೆ.

ಹೊರಗೆ ಬಂದು, ಚಳಿಗಾಳಿ ನುಗ್ಗದಂತೆ ಮನೆಯ ಬುಡಕ್ಕೆ ಕಟ್ಟಿದ್ದ ಥರ್ಮೊಕೋಲ್ ಹಲಗೆಗಳನ್ನು ಕಿತ್ತೆ. ಮನೆ ಅಲುಗದಂತೆ ನಾಲ್ಕು ಮೂಲೆಗೆ ಊರಿದ್ದ ಜಾಕುಗಳನ್ನು ಮೇಲೆತ್ತಲು ಹೋದರೆ ಒಂದೂ ಮಿಸುಕಲಿಲ್ಲ. ಶರತ್ಕಾಲದಲ್ಲಿ ಅವುಗಳ ಕೆಳಗೆ ಮರದ ತುಂಡು ಇಡುವುದನ್ನು ಮರೆತಿದ್ದೆ. ಅವು ಕೆಸರಿನಲ್ಲಿ ಇಳಿದು, ಕೆಸರು ಕಲ್ಲಾಗಿತ್ತು. ಸುತ್ತಿಗೆ ತಂದು ಬಡಿಯತೊಡಗಿದೆ.

ಹಿಂದಿನಿಂದ ಆರ್ಲನ್‌ನ ದನಿ ಕೇಳಿತು. "ಏನ್ ಟೀಚರ್, ನೆಲಾನೂ ಕಿತ್ಕೊಂಡ್ ಹೋಗ್ತೀರಾ?"

ಹೊರಡುತ್ತಿದ್ದೇನೆ ಎಂದೆ. ನಾಳೆ ಬಿರುಗಾಳಿ ಇಟ್ಟುಕೊಂಡಾ ಎಂದು ಕೇಳಿದ. ನಾನು ಸುತ್ತಿಗೆ ಕೆಳಗಿಟ್ಟು, ಅಂದುಕೊಂಡದ್ದಕ್ಕಿಂತ ಜೋರಾಗಿ ಕೇಳಿಬಿಟ್ಟೆ: "ನಾನು ಬೆಳಿಗ್ಗೆಯಿಂದ ಬಾಗಿಲೇ ತೆಗ್ದಿಲ್ಲ. ನೀವು ಎರಡು ಸಲ ಮುಂದೇನೇ ಹೋದ್ರಿ. ಒಂದ್ಸಲ ತಟ್ಟೋಕಾಗ್ಲಿಲ್ವಾ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬದುಕಿರೋರ ಬಾಗಿಲು ಯಾಕ್ರೀ ತಟ್ಟೋದು? ಸುಮ್ನೆ ಶಾಖ ಆಚೆ ಹೋಗುತ್ತೆ."

"ಬದುಕಿದೀನಿ ಅಂತ ಹೆಂಗ್ ಗೊತ್ತು?"

"ಗಾಜು ನೋಡ್ದೆ. ಬೆಳ್ಳಗಿತ್ತು. ಬೇರೆ ದಿನ ನೀವು ಒರೆಸಿಬಿಡ್ತೀರಿ, ಆಗ ಇದನ್ನ ನೋಡ್ತೀನಿ." ಅವನು ಬೂಟಿನ ತುದಿಯಿಂದ ಮೆಟ್ಟಿಲ ಪಕ್ಕದ ಗಡ್ಡೆಯನ್ನು ತೋರಿಸಿದ. ನಾನು ದಿನಾ ಹಿಂಡಿದ ನೀರು ಪದರ ಪದರವಾಗಿ ಹೆಪ್ಪುಗಟ್ಟಿ ಮೊಣಕಾಲೆತ್ತರ ಬೆಳೆದಿತ್ತು. "ದಿನಾ ಹೊಸ ಪದರ ಬಂದಿರುತ್ತೆ. ಇವತ್ತು ಬಂದಿರ್ಲಿಲ್ಲ. ಅದಕ್ಕೇ ಎರಡನೇ ಸಲ ಬಂದಿದ್ದು."

ಸತ್ತಿದ್ದರೂ ಗಾಜು ಬೆಳ್ಳಗೇ ಇರುತ್ತಿತ್ತಲ್ಲ ಎಂದೆ.

"ಇಲ್ಲ. ಹೀಟರ್ ಉರೀತಾ ಇರುತ್ತೆ, ಉಸಿರು ಇರಲ್ಲ. ಒಂದು ದಿನದೊಳಗೆ ಗಾಜು ಒಣಗಿ ಕನ್ನಡಿ ಥರ ಆಗುತ್ತೆ. ಹಿಂದೊಂದ್ ಚಳಿಗಾಲ, ಇದೇ ಸಾಲಲ್ಲಿ, ಎಂಥಾ ಶುದ್ಧವಾಗಿ ಇಟ್ಕೊಂಡಿದಾರೆ ಕಿಟಕೀನ ಅಂತ ಅಂದ್ಕೊಂಡು ನಾನು ಊಟಕ್ಕೆ ಹೋದೆ." ಅಲ್ಲಿಗೆ ನಿಲ್ಲಿಸಿ ಕೈಗವಸಿನಿಂದ ಮೂಗೊರೆಸಿಕೊಂಡ. "ನಿಮ್ದು ಮಧ್ಯಾಹ್ನಕ್ಕೂ ಕೆಟಲ್ ಥರ ಬೆವರ್ತಿತ್ತು."

ಗಾಳಿ ಆಗಲೇ ಎದ್ದಿತ್ತು. ಅವನು ಬಗ್ಗಿ ಜಾಕಿನ ಬುಡವನ್ನು ನೋಡಿದ. "ಬಿಸಿನೀರು ಹುಯ್ದ್ರೆ ಬಿಡುತ್ತೆ. ಕಾಯ್ಸಿ ತರ್ಲಾ?"

ಬೇಡ ಎಂದೆ.

ಕಿತ್ತ ಹಲಗೆಗಳನ್ನು ಇಬ್ಬರೂ ಸೇರಿ ಮತ್ತೆ ಬುಡಕ್ಕೆ ಕಟ್ಟಿದೆವು. ಒಳಗೆ ಬಂದು ಕಾಫಿ ಕುಡಿಯಿರಿ ಎಂದೆ. ಬೂಟು ಒದ್ದೆಯಾಗಿದೆ ಎಂದು ಟೋಪಿ ಮುಟ್ಟಿ ಹೊರಟುಹೋದ. ಆ ಚಳಿಗಾಲದಲ್ಲಿ ಅವನು ನನ್ನೊಂದಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ.

ಅಕ್ಕನಿಗೆ ಫೋನು ಮಾಡಿ, ಜಾಕುಗಳು ನೆಲಕ್ಕೆ ಹೆಪ್ಪುಗಟ್ಟಿವೆ, ಏಪ್ರಿಲ್‌ವರೆಗೆ ಬಿಡುವುದಿಲ್ಲ ಎಂದೆ.

ಮರುದಿನ ಬಿರುಗಾಳಿಯ ನಡುವೆಯೇ ಎದ್ದು, ಮಲಗುವ ಕಡೆಯ ಗಾಜುಗಳನ್ನೆಲ್ಲ ಒರೆಸಿದೆ. ಎದುರು ಸಾಲಿಗೆ ಕಾಣುವ, ಮೇಜಿನ ಪಕ್ಕದ್ದನ್ನು ಬಿಟ್ಟೆ. ನೀರಿಳಿಯದಂತೆ ಅದರ ಕೆಳಗೆ ಟವೆಲ್ ಸುತ್ತಿಟ್ಟೆ. ಗಾಳಿ ಒಂದಿಷ್ಟು ತಗ್ಗಿದಾಗ ಬಟ್ಟೆ ಹಿಂಡಲು ಬಾಗಿಲು ತೆರೆದರೆ, ಎದುರು ಸಾಲಿನ ಬೆಳ್ಳಗಿನ ಗಾಜಿನಲ್ಲಿ ಅಂಗೈಯಷ್ಟು ಜಾಗ ಕಪ್ಪಗೆ ಕಂಡಿತು. ರಸ್ತೆ ಇರುವುದು ಅವನ ಮನೆಯ ಆಚೆ ಬದಿಗೆ. ಇಷ್ಟು ದಿನ ಅದು ನನಗೆ ಹೊಳೆದಿರಲಿಲ್ಲ.