ಮುಂದಿನ ಹಗ್ಗ

ದೋಣಿ ಇನ್ನೂ ದಡಕ್ಕೆ ತಾಗಿರಲಿಲ್ಲ, ಅಷ್ಟರಲ್ಲೇ ನೆಸ್ಟಾ ಮೂತಿಯ ಬಳಿಯ ಮುಂದಿನ ಹಗ್ಗಕ್ಕೆ ಕೈಹಾಕಿದ್ದಳು. ಎಪ್ಪತ್ತು ದಾಟಿದ ಹೆಂಗಸು; ಮೈಮೇಲೆ ಸಾವಿನ ಮನೆಯ ಕಪ್ಪು ಕೋಟು, ಒಂದು ಕಾಲು ಮಾತ್ರ ಹುಡುಗಿಯ ಹಾಗೆ ದೋಣಿಯ ಅಂಚಿನ ಮೇಲೆ.

"ಅದನ್ನ ಇಲ್ಲಿ ಕೊಡು," ಎಂದಳು ಬೆರಿಲ್.

ಬೆರಿಲ್ ಕೂತಿದ್ದುದು ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ. ಐವರ್ ಟ್ಯಾಪ್ಸೆಲ್ ಬದುಕಿಡೀ ಮನೆಮನೆಗೆ ಹಾಲಿನ ಬಾಟಲಿ ಇಟ್ಟು ಬಂದ ಮನುಷ್ಯ. ಆಗಸ್ಟಿನಲ್ಲೊಂದು ವಾರ ರಜೆ ಹಾಕಿ, ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಥೇಮ್ಸ್ ನದಿಯ ಮೇಲೆ ನಡೆಸುತ್ತಿದ್ದ. ದೇವರು ಅದೊಂದು ವಾರವನ್ನು ಅವನಿಗೆಂದೇ ತೆಗೆದಿಟ್ಟ ಹಾಗಿತ್ತು. ಅದಕ್ಕೇ ಮಗ ಕೀತ್ ಅಪ್ಪನನ್ನು ಚರ್ಚಿಗೆ ದೋಣಿಯಲ್ಲೇ ಒಯ್ಯುತ್ತಿದ್ದ. ನದಿಯ ನೀರಿನ ಮೆಟ್ಟಿಲಿನಂತಿದ್ದ ಈ ಲಾಕು ಇಳಿದರೆ ಆಯಿತು, ಮುಂದಿನ ತಿರುವಿನಲ್ಲೇ ಚರ್ಚು.

"ಏನು ಕೊಡೋದು?"

"ಹಗ್ಗ."

"ಇವತ್ತು ನಿಂಗ್ಯಾಕೆ ಬೆರಿಲ್? ಅವನ ಹತ್ರ ಕೂತಿರು. ಇದು ಯಾವಾಗ್ಲೂ ನನ್ನ ಕೆಲಸ ಅಲ್ವಾ?"

ನೆಸ್ಟಾ ಅದನ್ನು ಮೆತ್ತಗೇ ಹೇಳಿದಳು. ಮೆತ್ತಗೆ ಹೇಳಿದ್ದರಿಂದಲೇ ಬೆರಿಲ್‌ಗೆ ಹೊಟ್ಟೆಯೊಳಗೆ ಕಿಚ್ಚೆದ್ದಿತು.

*

ನೆಸ್ಟಾ ಐವರನ ತಮ್ಮ ಕ್ಲೆಮ್‌ನ ಹೆಂಡತಿ. ಆ ಕಾಲದಲ್ಲಿ ಎರಡೂ ಸಂಸಾರ ಒಂದೇ ದೋಣಿಯಲ್ಲಿ ರಜೆ ಕಳೆಯುತ್ತಿದ್ದವು. ಕ್ಲೆಮ್ ಮಲಗಿರುತ್ತಿದ್ದ. ಬೆರಿಲ್ ಕೆಳಗೆ ಒಲೆಯ ಮುಂದೆ ಸಾಸೇಜ್ ಹುರಿಯುತ್ತಿದ್ದಳು. ಲಾಕು ಬಂದಾಗ ನೆಸ್ಟಾ ಹಗ್ಗ ಹಿಡಿದು ದಡಕ್ಕೆ ಹಾರುತ್ತಿದ್ದಳು.

ಲಾಕೆಂದರೆ ಎರಡು ಬಾಗಿಲ ನಡುವಿನ ಕಲ್ಲಿನ ತೊಟ್ಟಿ. ನೀರು ಖಾಲಿಯಾದಂತೆ ಒಳಗಿನ ದೋಣಿ ಇಳಿಯುತ್ತದೆ. ದಡದಲ್ಲಿ ನಿಂತವರು ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ, ದೋಣಿ ಇಳಿದಷ್ಟೇ ಸಡಿಲ ಬಿಡುತ್ತಾ ಹೋಗಬೇಕು. ಕಟ್ಟಬಾರದು. ನೆಸ್ಟಾಳ ಕೈಗೆ ಆ ಹದ ಗೊತ್ತಿತ್ತು. "ಭಲೇ ನೆಸ್ಟಾ!" ಎಂದು ಐವರ್ ಚುಕ್ಕಾಣಿಯಿಂದಲೇ ಕೂಗುತ್ತಿದ್ದ. ಸಾಸೇಜಿಗೆ ಯಾರೂ ಭಲೇ ಎನ್ನುವುದಿಲ್ಲ.

ಬೆಳಗಿನ ಜಾವ ಇನ್ನೂ ಕಷ್ಟ. ಹಾಲಿನವನ ಮೈ, ರಜೆಯಲ್ಲೂ ಕತ್ತಲಿರುವಾಗಲೇ ಎಚ್ಚರ. ವೇಲ್ಸಿನ ಹಳ್ಳಿಯಲ್ಲಿ ಹಸು ಕರೆದು ಬೆಳೆದ ನೆಸ್ಟಾಳಿಗೂ ಅಷ್ಟೇ. ಇಬ್ಬರೂ ಟೀ ಹಿಡಿದು ದೋಣಿಯ ಚಾವಣಿ ಹತ್ತುತ್ತಿದ್ದರು. ಕೆಳಗೆ ಬೆರಿಲ್ ಕಣ್ಣುಮುಚ್ಚಿಕೊಂಡು ಅವರ ಪಿಸುಮಾತಿಗೆ ಕಿವಿಗೊಟ್ಟು ಮಲಗಿರುತ್ತಿದ್ದಳು. ಒಂದು ಪದವೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ.

ಒಂದು ವರ್ಷ ಅವಳು, "ಇವತ್ತು ಹಗ್ಗ ನಂದು," ಎಂದು ಕಿತ್ತುಕೊಂಡಳು. ಬಟ್ಟೆ ಒಣಗಿಸುವ ಹಗ್ಗ ಬಿಗಿಯುವ ಹಾಗೆ ಗೂಟಕ್ಕೆ ಗಂಟು ಬಿಗಿದು, ದೋಣಿಯಲ್ಲಿ ನಗುತ್ತಿದ್ದ ಅವರಿಬ್ಬರನ್ನೇ ನೋಡುತ್ತಾ ನಿಂತಳು. ನೀರು ಇಳಿಯಿತು, ದೋಣಿಯ ಮೂತಿ ಇಳಿಯಲಿಲ್ಲ. ತಟ್ಟೆಗಳು ಜಾರಿ ಒಡೆದವು, ಕ್ಲೆಮ್ ಹಾಸಿಗೆಯಿಂದ ಉರುಳಿದ. ಐವರ್ ಬ್ರೆಡ್ ಕೊಯ್ಯುವ ಚಾಕು ತಂದು ಹಗ್ಗ ಕತ್ತರಿಸಿದ.

ಬೈಯಲಿಲ್ಲ. "ಹೋಗ್ಲಿ ಬಿಡು, ಟೀ ಮಾಡು," ಎಂದ.

ಹಿಂದೊಮ್ಮೆ ದೋಣಿಯ ಮೆತ್ತೆ ಒದ್ದೆ ಮಾಡಿದ್ದಕ್ಕೆ ನೆಸ್ಟಾಳಿಗೆ ಬಾಯಿತುಂಬ ಬೈದಿದ್ದ. ತನಗೆ ಬೈಗುಳವೂ ದಕ್ಕಲಿಲ್ಲವಲ್ಲ ಎಂದು ಬೆರಿಲ್ ಆ ರಾತ್ರಿ ಅತ್ತಳು. ಆಮೇಲೆ ಯಾರೂ ಅವಳ ಕೈಗೆ ಹಗ್ಗ ಕೊಡಲಿಲ್ಲ.

*

"ಚಿಕ್ಕಮ್ಮನೇ ಹಿಡೀಲಿ ಬಿಡಮ್ಮಾ," ಎಂದ ಕೀತ್, ಚುಕ್ಕಾಣಿಯ ಬಳಿಯಿಂದ. "ಆವತ್ತಿನ ಹಾಗೆ ದೋಣಿ ನೇತಾಡಿಸಿದ್ರೆ ಅಪ್ಪ ನೀರಿಗೆ ಬೀಳ್ತಾನೆ."

"ಬಿದ್ರೆ ಬೀಳ್ತಾನೆ. ಈಜು ಬರುತ್ತಲ್ಲ."

ಪೆಟ್ಟಿಗೆ ಹೊರಲು ಬಂದಿದ್ದವರು ನಕ್ಕು, ತಕ್ಷಣ ಬಾಯಿಮುಚ್ಚಿಕೊಂಡರು. ಲಾಕಿನ ಬಾಗಿಲು ಕಾಯುವವನು ಟೋಪಿ ತೆಗೆದು ಎದೆಗೊತ್ತಿಕೊಂಡು ಹೇಳಿದ: "ಪಾದ್ರಿಗಳು ಕಾಯ್ತಿದಾರೆ. ಯಾರಾದ್ರೂ ಒಬ್ರು ಹಿಡೀರಿ."

ಬೆರಿಲ್ ಎದ್ದು ನೆಸ್ಟಾಳ ಹತ್ತಿರ ಹೋದಳು. "ಬೆಳಗಿನ ಜಾವ ಮೇಲೆ ಕೂತು ಏನು ಪಿಸುಗುಡ್ತಿದ್ರೇ ಇಬ್ರೂ?"

"ಅಯ್ಯೋ, ಇವತ್ತು ಕೇಳೋ ಮಾತಾ ಇದು?"

"ಇವತ್ತಲ್ದೆ ಇನ್ಯಾವತ್ತು?"

"ಪಿಸುಗುಡದೆ ಏನ್ಮಾಡ್ಲಿ ಮಾರಾಯ್ತಿ? ಸ್ವಲ್ಪ ಜೋರಾದ್ರೆ ಬಾಯ್ಮೇಲೆ ಬೆರಳಿಡ್ತಿದ್ದ. ಬೆರಿಲ್ ಮಲಗಿದಾಳೆ, ಮಲಗ್ಲಿ ಅಂತ."

"ಸರಿ. ಮಾತು ಏನು?"

ನೆಸ್ಟಾ ಒಮ್ಮೆ ನೀರಿನ ಕಡೆ ನೋಡಿದಳು. "ಬಾತುಕೋಳಿ ಬಗ್ಗೆ," ಎಂದಳು.

ಬಾತುಕೋಳಿ ಎನ್ನಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಬೆರಿಲ್ ಕೈ ಚಾಚಿದಳು. ನೆಸ್ಟಾ ಹಗ್ಗ ಕೊಟ್ಟಳು. "ಕಟ್ಬೇಡ, ಅಷ್ಟೆ."

ದಡಕ್ಕೆ ಕಾಲಿಟ್ಟು, ಗೂಟಕ್ಕೆ ಸುತ್ತು ಹಾಕಿ ತಿರುಗಿದರೆ, ಪೆಟ್ಟಿಗೆಯ ಪಕ್ಕದ ಜಾಗದಲ್ಲಿ ನೆಸ್ಟಾ ಕೂತಿದ್ದಳು. ಹಗ್ಗದ ಗುಂಗಿನಲ್ಲಿ ಬೆರಿಲ್ ಇದನ್ನು ಯೋಚಿಸಿರಲಿಲ್ಲ.

ಬಾಗಿಲು ಮುಚ್ಚಿತು. ನೀರು ಇಳಿಯತೊಡಗಿತು. ಒದ್ದೆ ಹಗ್ಗ ಅವಳ ಅಂಗೈಯಿಂದ ಜಾರುತ್ತಾ ಹೋಯಿತು. ಪಾಚಿಗಟ್ಟಿದ ಗೋಡೆಗಳ ನಡುವೆ ದೋಣಿ, ಪೆಟ್ಟಿಗೆ, ಬಿಳಿ ಹೂಗಳು ಸದ್ದಿಲ್ಲದೆ ಕೆಳಗಿಳಿದವು. ನೆಸ್ಟಾ ಕೈಗವಸು ಕಳಚಿ ಬರಿಗೈಯನ್ನು ಮುಚ್ಚಳದ ಮೇಲಿಟ್ಟಳು.

ಬೆರಿಲ್‌ಳ ಮುಷ್ಟಿ ಬಿಗಿಯಿತು. ಹಗ್ಗ ಕಿರ್ರೆಂದಿತು. ದೋಣಿಯ ಮೂತಿ ನಿಂತೇಬಿಟ್ಟಿತು. ಹೂಗಳು ಹಿಂದಕ್ಕೆ ಜಾರಿದವು.

"ಅಮ್ಮಾ!"

ನೆಸ್ಟಾ ತಲೆ ಎತ್ತಲಿಲ್ಲ. ಪೆಟ್ಟಿಗೆ ಸರಿಯದ ಹಾಗೆ ಅದಕ್ಕೆ ಮೈಕೊಟ್ಟು, ಎರಡೂ ತೋಳಿನಿಂದ ತಬ್ಬಿ ಹಿಡಿದಳು.

ಬೆರಿಲ್ ಮೇಲಿನಿಂದ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಹಗ್ಗ ಮತ್ತೆ ಜಾರಿತು, ಗೇಣು ಗೇಣಾಗಿ. ಐವರ್, ಅವನನ್ನು ತಬ್ಬಿ ಕೂತವಳು, ಇಬ್ಬರೂ ಕೆಳಗಿನ ನೆರಳಿಗೆ ಇಳಿಯುತ್ತಾ ಹೋದರು.