ಉಡಿ ಹಾರಲಿಲ್ಲ

"ಉಡೀ? ಅಂದರೆ ಹಾರಿಹೋಯಿತು ಅಂತಲಾ? ಸರಿ, ಹಕ್ಕಿ ಎಲ್ಲಿ?"

ನಳಿನಿ ಮೇಡಂ ಹಿಂದಿಯಲ್ಲಿ ಕೇಳಿದಾಗ ಶರ್ವರಿಗೆ ಮೈಯೆಲ್ಲ ಉರಿಯಿತು. ಫ್ಯಾಷನ್ ಡಿಸೈನ್ ಕೋರ್ಸಿನ ಕೊನೆಯ ವರ್ಷಕ್ಕೆಂದು ಅವಳು ಹೊಲಿದ ಆರು ಕುರ್ತಾಗಳ ಮೊದಲ ಕಲೆಕ್ಷನ್ನಿನ ಹೆಸರು ಅದು. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ತಾನೇ ದಪ್ಪಗೆ ಬರೆದಿದ್ದಳು.

ಹಾರುವುದಲ್ಲ ಮೇಡಂ, ಸೆರಗನ್ನು ಮುಂದೆ ಹಿಡಿದು ಅಕ್ಕಿ, ಕಾಯಿ ತುಂಬಿಸಿಕೊಳ್ಳುತ್ತಾರಲ್ಲ, ಆ ಉಡಿ. ಮನಸ್ಸಿನಲ್ಲಿ ಇಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದ ಮಾತು ಅವಳ ಹಿಂದಿಯಲ್ಲಿ "ಒಂಥರಾ ಜೇಬು, ಮೇಡಂ" ಎಂದಷ್ಟೇ ಹೊರಬಂತು.

"ಜೇಬಿಗೆ ಹಾರೋ ಹೆಸರು ಯಾಕೆ?" ಗೊಂಬೆಗೆ ತೊಡಿಸಿದ್ದ ಕುರ್ತಾದ ಉಡಿಯೊಳಗೆ ಮೇಡಂ ತಮ್ಮ ಫೋನು ಇಳಿಬಿಟ್ಟರು. ಕುರ್ತಾದ ಕೊರಳು ಎದೆಯವರೆಗೆ ಜಗ್ಗಿತು. "ನೋಡು. ಮೊದಲು ಇದನ್ನ ಸರಿಮಾಡು. ತೋಳಿಗೆ ಗರಿ ಹಚ್ಚು, ಹೆಸರಿಗಾದರೂ ಅರ್ಥ ಬರಲಿ. ಶುಕ್ರವಾರ ಹೀಗೇ ತಂದರೆ ನೀನು ಶೋದಲ್ಲಿಲ್ಲ."

ಹಿಮಾಯತ್‌ನಗರದ ಮನೆಯಲ್ಲಿ ಶರ್ವರಿ ಕುರ್ತಾದ ಕೊರಳಿಗೆ ಒಳಗಿನಿಂದ ಬಕ್ರಮ್ಮಿನ ಗಡಸು ಬಟ್ಟೆ ಕೊಟ್ಟಳು. ಕೊರಳು ಬಿಗಿಯಾಗಿ ನಿಂತಿತು, ಹೆಗಲು ಜಾರಿತು. ಹೆಗಲಿಗೆ ಪಟ್ಟಿ ಕೊಟ್ಟಳು, ಬೆನ್ನು ಮುದುಡಿತು. ಉಡಿಯಲ್ಲಿ ಅಕ್ಕಿ ಸುರಿದು ಭಾರ ಪರೀಕ್ಷಿಸುತ್ತಿದ್ದವಳನ್ನು ಅಜ್ಜಿ ತುಳಸಾಬಾಯಿ ಬಾಗಿಲಲ್ಲೇ ನಿಂತು ನೋಡಿದಳು.

"ಏನವ್ವಾ, ಅಕ್ಕಿ ಒಲಿ ಮ್ಯಾಲ ಇಡೂದು ಬಿಟ್ಟು ಅಂಗಿಯೊಳಗ ಸುರವಾಕತ್ತೀ?"

"ಉಡಿ ತುಂಬಾಕತ್ತೀನಿ ಅಜ್ಜಿ."

"ಗೊಂಬಿಗಿ? ಅದಕ್ಕ ತೆಲಿನೂ ಇಲ್ಲ, ಕುಂಕುಮ ಎಲ್ಲಿ ಹಚ್ಚತೀ?"

ಶರ್ವರಿ ನಗಲಿಲ್ಲ. "ಮೇಡಂ ಗರಿ ಹಚ್ಚು ಅಂತಾರ. ಇಲ್ಲಂದ್ರ ಶೋ ಇಲ್ಲ."

"ಹಚ್ಚು ಮತ್ತ. ಕೋಳೀವು ಮಾತ್ರ ಮನಿಯೊಳಗ ತರಬ್ಯಾಡ."

ಶುಕ್ರವಾರ ಕಾಲೇಜಿನಲ್ಲಿ ಮೈಸೂರಿನ ಗೆಳತಿ ಗಾನವಿ ಕುರ್ತಾ ತೊಟ್ಟು ನಿಂತಳು. ಅಂಗಡಿಯಿಂದ ತಂದ ಗರಿಗಳು ತೋಳಿನಲ್ಲಿ ನಡುಗುತ್ತಿದ್ದವು. ಎರಡು ಸಲ ಸೀನಿ, "ನಾನು ಹಕ್ಕಿ ಥರ ಇಲ್ಲ ಕಣೇ, ಹರಿದ ಹಳೇ ದಿಂಬಿನ ಹಾಗಿದೀನಿ" ಅಂದಳು.

ನಿಜವಾಗಿತ್ತು. ಅದಕ್ಕೇ ಶರ್ವರಿಗೆ ತಡೆಯಲಾಗಲಿಲ್ಲ. ಗರಿಗಳನ್ನು ಪರಪರ ಕಿತ್ತಳು. ಆ ಸಿಟ್ಟಿನಲ್ಲೇ ಉಡಿಯ ಎರಡೂ ಬದಿಯ ಹೊಲಿಗೆಗೆ ಕತ್ತರಿ ಹಾಕಿದಳು. ಸೊಂಟದಲ್ಲಿ ಮಾತ್ರ ಅಂಟಿಕೊಂಡ ಬಟ್ಟೆ ಗಾನವಿಯ ಪಾದದವರೆಗೆ ಬಿತ್ತು.

"ಎಡವ್ತೀನಿ ಕಣೇ!" ಗಾನವಿ ಬಟ್ಟೆಯ ಎರಡು ತುದಿಗಳನ್ನು ಕೈಯಲ್ಲಿ ಎತ್ತಿ ಹಿಡಿದಳು.

ಆಗಲೇ ನಳಿನಿ ಮೇಡಂ ಒಳಗೆ ಬಂದರು. ಕೈಯಲ್ಲಿ ಊಟದ ಡಬ್ಬಿ, ಒಂದು ಪೇರಲಹಣ್ಣು. ಬೈಯಲೆಂದೇ ತೆರೆದ ಬಾಯಿ. ಎದುರಿಗೆ ಬರಿದಾದ ಬಟ್ಟೆಯೊಡ್ಡಿ ನಿಂತ ಹುಡುಗಿ.

"ಅಯ್ಯೋ, ಖಾಲೀ ಒಡಿ ಪಟ್ಟೊದ್ದಮ್ಮಾ!" ಬರಿದು ಉಡಿ ಒಡ್ಡಬಾರದಮ್ಮಾ ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಅಂದವರೇ ಹಣ್ಣನ್ನು ಅದರೊಳಗೆ ಹಾಕಿಬಿಟ್ಟರು.

ಆಮೇಲೆ ತಮ್ಮ ಬರಿಗೈ ನೋಡಿಕೊಂಡರು. ಕುರ್ತಾದ ಕೊರಳು ಕದಲಿರಲಿಲ್ಲ. ಭಾರವೆಲ್ಲ ಗಾನವಿಯ ಕೈಯಲ್ಲಿತ್ತು.

"ಇದು ಒಡಿ," ಎಂದರು ನಿಧಾನವಾಗಿ. "ಮಗಳನ್ನ ಅತ್ತೆಮನೆಗೆ ಕಳಿಸುವಾಗ ನಾವೂ ಅಕ್ಕಿ ಹಾಕ್ತೀವಿ."

"ಅದನ್ನೇ ಹೇಳಿದ್ದೆ ಮೇಡಂ."

"ಜೇಬು ಅಂದಿದ್ದೆ."

ಶರ್ವರಿ ತುಟಿ ಕಚ್ಚಿದಳು.

"ಹೆಸರನ್ನ ಇಂಗ್ಲಿಷಿನಲ್ಲಿ ಬರೀಬೇಡ. ಉಳಿದ ಐದನ್ನೂ ಹೀಗೇ ಬಿಚ್ಚಿ ಸೋಮವಾರ ತಾ. ಶೋಗೆ ತಗೋತೀನಿ."

ಖುಷಿಪಡಲು ಪುರುಸೊತ್ತಿರಲಿಲ್ಲ. ಜಗ್ಗಬಾರದೆಂದು ಐದಕ್ಕೂ ಅವಳೇ ಡಬಲ್ ಹೊಲಿಗೆ ಹಾಕಿದ್ದಳು. ಸಂಜೆ ಕೂತು ಒಂದೊಂದಾಗಿ ಬಿಚ್ಚತೊಡಗಿದಾಗ, ಯಾವ ಹೊಲಿಗೆಯೂ ಸುಲಭಕ್ಕೆ ಬರಲಿಲ್ಲ.

"ಉಡಿಗಿ ಏನ್ ಹಾಕಿದ್ರು?" ಮೇಡಂ ಉಡಿ ತುಂಬಿದ್ದಷ್ಟೇ ತಿಳಿದಿದ್ದ ಅಜ್ಜಿ ಕೇಳಿದಳು.

"ಪ್ಯಾರಲಹಣ್ಣು."

"ಎಲ್ಲೈತಿ?"

"ಗಾನವಿ ತಿಂದ್ಲು."

"ಉಡಿ ನಿಂದು, ಹಣ್ಣು ಆಕೀದು! ಭಾಳ ಶಾಣ್ಯಾಕಿ ಅದೀ ಬಿಡು."

ಶರ್ವರಿ ಮುಂದಿನ ಹೊಲಿಗೆಗೆ ಬಾಗಿದಳು. ಹಲ್ಲಿನ ನಡುವೆ ದಾರವಿತ್ತು.