ಗೋಡಾನಿನ ಬಾಗಿಲು

ಮಾಗಿಯ ಚಳಿ. ಬೈಲಹೊಂಗಲದ ಹತ್ತಿ ಮಿಲ್ಲಿನಲ್ಲಿ ಬೆಳಗಿನಿಂದಲೇ ಕೆಲಸ ಬಿರುಸಾಗಿತ್ತು. ಮಧು ಫೋರ್ಕ್‌ಲಿಫ್ಟ್ ಗಾಡಿಯಿಂದ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಎತ್ತಿ ಗೋಡಾನಿನಲ್ಲಿ ಒಟ್ಟುತ್ತಿದ್ದ. ಯಲ್ಲವ್ವ ಮತ್ತು ಅವಳ ಸೊಸೆ ಪ್ರಣಿತಾ ಅಲ್ಲೇ ಕೂತು ಹತ್ತಿಯ ಕಸ ಆರಿಸುತ್ತಿದ್ದರು. ಬಾಗಿಲು ಮುಚ್ಚಿತ್ತು.

ಐದು ತಿಂಗಳ ಬಸುರಿ ಪ್ರಣಿತಾ ತಲೆ ಹಿಡಿದುಕೊಂಡು ಗೋಡೆಗೆ ಒರಗಿದಳು.

“ಅತ್ತಿ, ತಲಿ ಸಿಡ್ಯಾಕ ಹತ್ತೈತಿ.”

“ಬರೇ ಚಾ ಕುಡದು ಬಂದ್ರ ಮತ್ತೇನ ಆಗತೈತಿ?” ಎಂದಳು ಯಲ್ಲವ್ವ.

ಮಧು ಗಾಡಿ ನಿಲ್ಲಿಸಿ ಬಾಗಿಲು ಪೂರ್ತಿ ತೆಗೆದ. “ಮೊದಲ ಆಕೀನ್ನ ಹೊರಗ ಕರಕೊಂಡ ಬರ್ರಿ ಅವ್ವಾರ. ಇದು ಗಾಡಿ ಹೊಗಿ ಕೆಲಸ.”

“ಹೊಗಿ ಎಲ್ಲೈತೋ ತಮ್ಮಾ? ಇದು ಗ್ಯಾಸಿನ ಗಾಡಿ. ನಮ್ಮ ಮನ್ಯಾಗೂ ಗ್ಯಾಸ್ ಐತಿ, ನಾವೇನ ಸತ್ತೇವೇನು?”

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತ ಮೇಲೆ ಪ್ರಣಿತಾ ಸ್ವಲ್ಪ ಚೇತರಿಸಿಕೊಂಡಳು. ಮಧು ಗಾಡಿಯ ಬೆನ್ನ ಮೇಲೆ ಅಡ್ಡ ಮಲಗಿಸಿದ್ದ ಸಿಲಿಂಡರ್ ತೋರಿಸಿದ.

“ಇದರಾಗ ಗ್ಯಾಸ್ ನೀರಿನಂಗ ಇರತೈತಿ. ಪೈಪಿನ್ಯಾಗ ಬಂದು, ಎಂಜಿನ್ನಿನ ಬಿಸಿಗಿ ಆವಿ ಆಗಿ, ಗಾಳಿ ಜೋಡಿ ಕೂಡಿ ಉರೀತೈತಿ. ಅದರ ಜೋರಿನ ಮ್ಯಾಲ ಗಾಡಿ ಓಡತೈತಿ, ಬೇಲು ಎತ್ತತೈತಿ. ಆದ್ರ ಉರದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿನೂ ಹೊಂಡತೈತಿ. ಬಾಗಲಾ ಮುಚ್ಚಿದ್ರ ಒಳಗ ತುಂಬತೈತಿ. ಕಣ್ಣಿಗಿ ಕಾಣಂಗಿಲ್ಲ, ಮೂಗಿಗಿ ನಾರಂಗಿಲ್ಲ. ಹೊಟ್ಟ್ಯಾಗಿನ ಕೂಸಿಗಂತೂ ಭಾಳ ಕೆಟ್ಟ.”

“ನಿನಗ ಯಾರ ಹೇಳಿದ್ರು?”

“ಹೋದ ವಾರ ಟ್ರೇನಿಂಗಿನ್ಯಾಗ ಹೇಳಿದ್ರು. ನಾ ಸಾವಕಾರ್ರಿಗಿ ಹೇಳಿದ್ರ, ಬಾಗಲಾ ತಗದ್ರ ಹತ್ತಿ ಹಾರತೈತಿ ಅಂದ್ರು. ನೀವ ನೆನಪ ಮಾಡ್ಕೋರಿ, ಸೂಟಿ ದಿನ ಮನ್ಯಾಗ ಆಕೀಗಿ ತಲಿನೋವು ಬಂದಿತ್ತೇನು?”

ಯಲ್ಲವ್ವ ನೆನಪು ಮಾಡಿಕೊಂಡಳು. ಬಂದಿರಲಿಲ್ಲ. ಅವಳಿಗೂ ದಿನಾ ಗೋಡಾನಿನಲ್ಲಿ ಹಿಡಿಯುವ ತಲೆನೋವು ಮನೆ ಮುಟ್ಟುವಷ್ಟರಲ್ಲಿ ಬಿಡುತ್ತಿತ್ತು.

ಕೂಡಲೇ ಸೊಸೆಯನ್ನು ದವಾಖಾನೆಗೆ ಕರೆದೊಯ್ದಳು. ಆಕ್ಸಿಜನ್ ಕೊಟ್ಟರು. ಕೂಸಿಗೆ ಏನೂ ಆಗಿಲ್ಲ, ಆದರೆ ಮತ್ತೆ ಆ ಹೊಗೆಯಲ್ಲಿ ಕೂಡಿಸಬೇಡಿ ಎಂದರು ಡಾಕ್ಟರು.

ಮರುದಿನ ಯಲ್ಲವ್ವ ಗೋಡಾನಿನ ಬಾಗಿಲು ತೆಗೆದು, ಮುಚ್ಚದಂತೆ ಕಲ್ಲು ಒತ್ತಿ, ಹೊಸ್ತಿಲ ಮೇಲೆ ಕೂತಳು. ಮಿಲ್ಲಿನ ಸಾವಕಾರ ಶಟ್ಟೆಪ್ಪ ಬಂದ.

“ಬಾಗಲಾ ಮುಚ್ಚಬೇ. ಹತ್ತಿ ಹಾರಾಕ ಹತ್ತೈತಿ.”

“ಹಾರಿದ ಹತ್ತಿ ನಾ ಉಡುಗಿ ಕೊಡತೇನ್ರಿ ಸಾವಕಾರ್ರ. ಹೋದ ಉಸರ ಯಾರ ಉಡುಗಿ ಕೊಡತಾರ?”

ಕಸ ಆರಿಸಲು ಬಂದಿದ್ದ ಉಳಿದ ಹೆಂಗಸರೂ ಬುಟ್ಟಿ ಕೆಳಗಿಟ್ಟು ಅವಳ ಹಿಂದೆ ನಿಂತರು. ಶಟ್ಟೆಪ್ಪ ಒಮ್ಮೆ ಅವರನ್ನು, ಒಮ್ಮೆ ಕಲ್ಲನ್ನು ನೋಡಿದ. ಆ ವಾರವೇ ಗೋಡೆಗೆ ದೊಡ್ಡ ಫ್ಯಾನ್ ಬಂತು, ಮೆಕ್ಯಾನಿಕ್ ಬಂದು ಎಂಜಿನ್ ತಪಾಸಣೆ ಮಾಡಿದ. ಕಸ ಆರಿಸುವ ಕೆಲಸ ಹೊರಗಿನ ಚಪ್ಪರಕ್ಕೆ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲೂ ಗ್ಯಾಸಿನ ಗಾಡಿ ಓಡುತ್ತಿದ್ದರೆ ಬಾಗಿಲು ತೆಗೆಸಿ, ಎಂಜಿನ್ ತಪಾಸಣೆ ಮಾಡಿಸಿ. ತಲೆ ಸುತ್ತಿದರೆ ಗಾಡಿ ನಿಲ್ಲಿಸಿ ಎಲ್ಲರೂ ಹೊರಗೆ ಬನ್ನಿ, ತಡಮಾಡದೆ ದವಾಖಾನೆಗೆ ಹೋಗಿ. ಬಾಗಿಲು ಮುಚ್ಚಿ ಎಂದು ಯಾರಾದರೂ ಹೇಳಿದರೆ, ಯಲ್ಲವ್ವನ ಹಾಗೆ ಹೊಸ್ತಿಲ ಮೇಲೆ ಕೂತುಬಿಡಿ.